ತಾಂಡೇಲನ ಗಾಜು ಒಡೆದ ತೆಂಗಿನಕಾಯಿ

ನಾರಳಿ ಪೌರ್ಣಮಿಯ ಮಧ್ಯಾಹ್ನ ಮೂರೂವರೆಗೆ ಮಾಲವಣದ ಬಂದರು ಠಾಣೆಗೆ ಜನಾರ್ದನ ತಾಂಡೇಲ ದೂರು ಹೊತ್ತು ಬಂದ. ಒಬ್ಬನೇ ಬರಲಿಲ್ಲ, ಮೋತಿರಾಮ ಖೋಬ್ರೇಕರನ ಕೊರಳಪಟ್ಟಿ ಹಿಡಿದು ಎಳೆದುಕೊಂಡೇ ಬಂದ. ಎಲ್ಲರೂ ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸಿ ಹೊಸ ಹಂಗಾಮು ಶುರುಮಾಡುವ ಹೊತ್ತಿನಲ್ಲೇ ಒಂದು ಕಾಯಿ ಹಾರಿಬಂದು ಅವನ ದೋಣಿಯ ಚುಕ್ಕಾಣಿ ಕೋಣೆಯ ಗಾಜು ಪುಡಿಮಾಡಿತ್ತು.

"ಇವನೇ ಎಸ್ದಿದ್ದು ಮ್ಯಾಡಮ್. ಹೋದ್ವರ್ಷ ಬಲೆ ಜಗಳ ಆಗಿತ್ತಲ್ಲ, ಆ ಸೇಡು!"

"ನನ್ ಕಾಯಿ ನಾನು ನೀರಿಗೆ ಹಾಕ್ದೆ," ಎಂದ ಮೋತಿರಾಮ. "ಸೇಡಿಗೆ ಕಾಯಿ ಯಾಕೆ ದಂಡ ಮಾಡ್ಲಿ? ನಿನ್ ಕೆನ್ನೆಗೆ ಎರಡು ಬಾರಿಸಿದ್ರೆ ಸಾಲದಾ?"

ಇನ್‌ಸ್ಪೆಕ್ಟರ್ ಸುಲಭಾ ಧುರಿ ನಗು ನುಂಗಿಕೊಂಡು ಎಫ್‌ಐಆರ್ ದಾಖಲಿಸಿದಳು. ಆಗ ಮೋತಿರಾಮನ ಮುಖ ಇಳಿದುಹೋಯಿತು.

"ನಾಳೆ ಬೆಳಗಿನ ಉಬ್ಬರಕ್ಕೆ ಎಲ್ರ ದೋಣೀನೂ ಹೊರಡ್ತವೆ ಮ್ಯಾಡಮ್. ನಾನು ಲಾಕಪ್‌ನಲ್ಲಿದ್ರೆ ನನ್ನಾಳುಗಳು ಬೇರೆ ದೋಣಿ ಹತ್ತಿಬಿಡ್ತಾರೆ. ವರ್ಷವೆಲ್ಲ ದಡದಲ್ಲಿ ಕೂತು ನೊಣ ಹೊಡೀಬೇಕಷ್ಟೇ."

ನಾಲ್ಕೂಕಾಲಿಗೆ ದೋಣಿ ಕಟ್ಟುವ ಧಕ್ಕೆಯ ಮೇಲೆ ಪಂಚನಾಮೆ ಶುರುವಾಯಿತು. ಕಾನ್‌ಸ್ಟೇಬಲ್ ಗವಸ ಟೇಪು ಹಿಡಿದ. ದೋಣಿಗೂ ಧಕ್ಕೆಗೂ ನಡುವೆ ಎತ್ತರದಲ್ಲಿ ಎರಡು ಸಾಲು ಕಾಗದದ ತೋರಣ ಕಟ್ಟಿದ್ದರು. ಎರಡರಲ್ಲೂ ಒಂದೊಂದು ಕಡೆ ಕಾಗದ ಹರಿದಿತ್ತು. ಎರಡೂ ಹರಕು ಒಡೆದ ಗಾಜಿನ ನೇರಕ್ಕೇ ಇದ್ದವು.

"ಮೋತಿರಾಮ ಎಲ್ಲಿ ನಿಂತಿದ್ದ?" ಎಂದಳು ಸುಲಭಾ.

"ಇಲ್ಲೇ ಮ್ಯಾಡಮ್, ತೋರಣದ ಕೆಳಗೆ. ಹತ್ತು ಜನ ನೋಡಿದಾರೆ," ಎಂದ ಗವಸ.

ತೋರಣದ ಕೆಳಗೆ ನಿಂತು ಎಸೆದ ಕಾಯಿ ಮೇಲಿನ ಎರಡೂ ಸಾಲನ್ನು ಹೀಗೆ ಹರಿಯಲಾರದು ಎಂದು, ಪೊಲೀಸ್ ಸೇರುವ ಮುಂಚೆ ಭೌತಶಾಸ್ತ್ರದ ಪಾಠ ಹೇಳುತ್ತಿದ್ದ ಸುಲಭಾಳಿಗೆ ಥಟ್ಟನೆ ಹೊಳೆಯಿತು. ಗಾಜಿನಿಂದ ಎರಡು ಮೀಟರ್ ಈಚೆ, ಎರಡು ಪಾಯಿಂಟ್ ಎಂಟು ಮೀಟರ್ ಮೇಲೆ ಮೊದಲ ಹರಕು. ಅಲ್ಲಿಂದ ಎರಡು ಮೀಟರ್ ಈಚೆ, ಎರಡು ಮೀಟರ್ ಮೇಲೆ ಇನ್ನೊಂದು. ಅವಳು ಸೀಮೆಸುಣ್ಣ ತೆಗೆದು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತಳು.

"ನೇರ ಮುಂದಕ್ಕೆ ಎಸೆದ ವಸ್ತು ಅಡ್ಡಕ್ಕೆ ಒಂದೇ ವೇಗದಲ್ಲಿ ಹೋಗುತ್ತೆ ಗವಸ. ಕೆಳಕ್ಕೆ ಬೀಳೋದು ಮಾತ್ರ ಪ್ರತಿ ಎರಡು ಮೀಟರಿಗೂ ಅಷ್ಟಷ್ಟೇ ಹೆಚ್ಚುತ್ತೆ. ಮೊದಲು ಎರಡು ಬಿತ್ತು, ಆಮೇಲೆ ಎರಡು ಪಾಯಿಂಟ್ ಎಂಟು. ಹೆಚ್ಚಿದ್ದೆಷ್ಟು?"

"ಪಾಯಿಂಟ್ ಎಂಟು."

"ಅಷ್ಟಷ್ಟೇ ಕಳೀತಾ ಹಿಂದಕ್ಕೆ ಹೋಗು."

"ಒಂದು ಪಾಯಿಂಟ್ ಎರಡು... ಪಾಯಿಂಟ್ ನಾಲ್ಕು... ಆಮೇಲೆ ಕಳೆಯೋಕೆ ಬರಲ್ವಲ್ಲ!"

"ಅಲ್ಲೇ ಕಣಯ್ಯಾ ಕಾಯಿ ಕೈ ಬಿಟ್ಟಿದ್ದು! ನಾಲ್ಕು ಸಲ ಎರಡೆರಡು, ಅಂದ್ರೆ ಗಾಜಿನಿಂದ ಎಂಟು ಮೀಟರ್ ಈಚೆ; ಬಿದ್ದಿದ್ದೆಲ್ಲ ಕೂಡಿದ್ರೆ ಆರು ಪಾಯಿಂಟ್ ನಾಲ್ಕು ಮೇಲೆ. ಕೂಡಿತು ನೋಡು ಲೆಕ್ಕ!"

ಸಂತೋಷಕ್ಕೆ ಸುಲಭಾ ಚಪ್ಪಾಳೆ ತಟ್ಟಿಯೇಬಿಟ್ಟಳು. ಗವಸ ಟೇಪು ಹಿಡಿದು ಎಂಟು ಮೀಟರ್ ಅಳೆದು, ತಲೆಯೆತ್ತಿ ನೋಡಿದ. ಮೇಲಿದ್ದದ್ದು ಜನಾರ್ದನನ ಮನೆಯ ತಾರಸಿ.

"ಅಲ್ಲಿ ನಮ್ಮ ಆಯೆ ಒಬ್ಳೇ ಇರೋದು," ಎಂದ ಜನಾರ್ದನ. ಅವನೇ ಮುಂದಾಗಿ ಎಲ್ಲರನ್ನೂ ಮೇಲಕ್ಕೆ ಕರೆದೊಯ್ದ.

ತಾರಸಿಯ ಕಟ್ಟೆಗೆ ಒರಗಿ, ಮುಡಿಗೆ ಅಬ್ಬಲಿಗೆ ಮುಡಿದು ಕೂತಿದ್ದಳು ಅವನ ತಾಯಿ ಚಂಪಾಬಾಯಿ. ಮಂಡಿ ಹಿಡಿದಿತ್ತು, ಕಣ್ಣು ಮಬ್ಬು. ಬಲೆ ಎಳೆದ ತೋಳು ಮಾತ್ರ ಇನ್ನೂ ಗಟ್ಟಿ.

"ಆಯೇ, ಕಾಯಿ ಎಸೆದ್ರಾ?" ಎಂದಳು ಸುಲಭಾ.

"ಎಸೆದೆ ಕಣಮ್ಮಾ! ನೇರ ಸಮುದ್ರಕ್ಕೆ! ಜನ ಹೋ ಅಂತ ಕೂಗಿದ್ದು ಕೇಳಿಸ್ಲಿಲ್ವಾ?"

"ಕೂಗಿದ್ದು ಗಾಜು ಒಡೀತು ಅಂತ. ನಿಮ್ಮ ಮಗನ ದೋಣೀದೇ. ಅದಕ್ಕೆ ಮೋತಿರಾಮನ್ನ ಹಿಡಿದಿದೀವಿ."

ಚಂಪಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯಯ್ಯೋ! ಆ ಹುಡುಗನ್ನ ಬಿಡಿ, ನನ್ನ ಹಿಡ್ಕೊಳ್ಳಿ!"

"ದೂರು ವಾಪಸ್ ತಗೋತೀನಿ ಮ್ಯಾಡಮ್," ಎಂದು ಜನಾರ್ದನ ತೊದಲಿದ.

"ನೀನು ಬಾಯ್ಮುಚ್ಚೋ. ತಪ್ಪು ನಂದು. ಜೀಪಲ್ಲಿ ತಾನೇ ಕರ್ಕೊಂಡು ಹೋಗೋದು? ಸಮುದ್ರದ ದಾರೀಲೇ ಹೋಗಿ."

ಐದು ನಲವತ್ತಕ್ಕೆ, ಸೂರ್ಯ ಮುಳುಗುವ ಮುಂಚೆ, ಆರೋಪಿಯ ಬಂಧನವಾಯಿತು. ಅವಳ ಕುರ್ಚಿಗೆ ಒಂದು ಕಡೆ ಮಗ, ಇನ್ನೊಂದು ಕಡೆ ಮೋತಿರಾಮ ಹೆಗಲು ಕೊಟ್ಟರು. "ನಿಮ್ಮ ಆಯೆ ಗುರಿಗೆ ನಿನ್ ತಲೆ ಸಿಗ್ಲಿಲ್ವಲ್ಲೋ," ಎಂದು ಮೋತಿರಾಮ ಕಿಚಾಯಿಸಿದ, ಜನಾರ್ದನನೂ ನಕ್ಕುಬಿಟ್ಟ. ಜೀಪು ಧಕ್ಕೆಯ ತುದಿಯಲ್ಲಿ ನಿಂತಿತು. ಚಂಪಾಬಾಯಿ ಎಸೆದ ಹೊಸ ಕಾಯೊಂದು ನೀರಿಗೆ ಧುಡುಮ್ಮೆಂದು ಬಿದ್ದಾಗ ಇಡೀ ಬಂದರು ಹೋ ಎಂದಿತು. ಜಾಮೀನಿಗೆ ಮೋತಿರಾಮನೇ ಸಹಿ ಹಾಕಿದ.

ಬೆಳಗಿನ ಉಬ್ಬರಕ್ಕೆ ಅವನ ದೋಣಿ ಎಲ್ಲರಿಗಿಂತ ಮೊದಲು ಹೊರಟಿತು. ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ಸುಲಭಾ ಬರೆದಳು: ಆರೋಪಿಯನ್ನು ಮೂರು ವರ್ಷದಿಂದ ಯಾರೂ ಮೆಟ್ಟಿಲು ಇಳಿಸಿರಲಿಲ್ಲ.