ಡಬ್ಬಿಯಿಂದ ಎಸೆದ ಇದ್ದಿಲು

ಮನೆಗೆ ಯಾರೇ ಬಂದರೂ ನಮ್ಮ ಯಜಮಾನರು ಚಾರ್ಮಾಡಿ ಪ್ರವಾಸದ ಕಥೆ ತೆಗೆದು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಕರಿದ ತಿಂಡಿಯ ವಾಸನೆಗೆ ದೆವ್ವಗಿವ್ವ ಬೆನ್ನುಹತ್ತದಿರಲಿ ಎಂದು ಕೋಡುಬಳೆ ಡಬ್ಬಿಯಲ್ಲಿ ನಾನಿಟ್ಟಿದ್ದ ಇದ್ದಿಲಿನ ಚೂರನ್ನು, “ಗಲೀಜು ಕಣೇ” ಎಂದು ಘಾಟಿಯಲ್ಲಿ ಎಸೆದವರು ಇವರೇ!

ಕಾರಿನಲ್ಲಿ ಮುಂದೆ ಇವರು, ಮಗಳು. ಹಿಂದೆ ನಾನು, ಪಕ್ಕದ ಖಾಲಿ ಸೀಟಿನಲ್ಲಿ ಡಬ್ಬಿ. ಮಟಮಟ ಮಧ್ಯಾಹ್ನ ಆ ಸೀಟು ಮಂಜುಗಡ್ಡೆಯಂತೆ ತಣ್ಣಗಾಯಿತು. ಕುರುಂ ಕುರುಂ ಎಂದು ಅಗಿಯುವ ಸದ್ದು.

“ಒಬ್ಳೇ ತಿಂತಿದ್ಯಲ್ಲೇ, ನಮಗೂ ಕೊಡೆ,” ಎಂದರು ಇವರು, ತಿರುಗದೆ.

ನಾನು ಒಂದನ್ನೂ ಬಾಯಿಗಿಟ್ಟಿರಲಿಲ್ಲ.

ಇಂದಿರಾನಗರದ ಮನೆ ಮುಟ್ಟುವಷ್ಟರಲ್ಲಿ ಡಬ್ಬಿ ಖಾಲಿ. ಜಗಳವಾಡಿ ವಾರದೊಳಗೆ ಕಾರು ಮಾರಿಸಿದೆ. ನಿನ್ನೆ ಅದನ್ನು ಕೊಂಡ ಲಿಂಗರಾಜಪುರದ ಪೀಟರ್ ಫೋನ್ ಮಾಡಿದ್ದರು.

“ಗಾಡಿ ಚೆನ್ನಾಗಿದೆ ಮೇಡಂ. ಆದ್ರೆ ಹಿಂದಿನ ಸೀಟಲ್ಲಿ ದಿನಾ ಕೋಡುಬಳೆ ಚೂರು ಬಿದ್ದಿರುತ್ತೆ. ನಮ್ಮನೇಲಿ ಯಾರೂ ಅದನ್ನ ಮಾಡೋದೇ ಇಲ್ಲ.”