ತಮಟೆಯಿಲ್ಲದೆ ಸಾರಿದ ಹುಕುಂ

ಬುಧವಾರ ಬೆಳಿಗ್ಗೆ ಚಾವಡಿಯ ಗೂಟದಲ್ಲಿ ತಮಟೆ ಇರಲಿಲ್ಲ.

ನಾನು ಪಿರಿಯಾಪಟ್ಟಣದ ಕಚೇರಿಯ ಗುಮಾಸ್ತ. ಹುಣಸೂರಿನಿಂದ ಬಂದ ಹುಕುಂ ಕೈಯಲ್ಲಿ ಹಿಡಿದು ಬೆಪ್ಪನಂತೆ ಬರಿಯ ಗೂಟವನ್ನೇ ನೋಡುತ್ತ ನಿಂತೆ.

ಅದು ಸಾವಿರದ ಒಂಬೈನೂರ ಹದಿನೆಂಟರ ಅಕ್ಟೋಬರ್. ಇನ್‌ಫ್ಲುಯೆಂಜಾ ಎಂಬ ಹೊಸ ಜ್ವರ ಮೈಸೂರಿನ ಗಾಡಿಗಳ ಜೊತೆ ನಮ್ಮ ಕಡೆಗೂ ಬಂದಿತ್ತು. ಹುಕುಂ ಹೀಗಿತ್ತು: ಮುಂದಿನ ಆಜ್ಞೆಯವರೆಗೆ ಸಂತೆ ಕೂಡದು, ಹೋಟೆಲು, ಅಕ್ಕಿ ಹುರಿಯುವ ಪುರಿ ಭಟ್ಟಿ ಮುಚ್ಚತಕ್ಕದ್ದು, ದಿನಸಿ ಅಂಗಡಿ ಬೆಳಿಗ್ಗೆ ಎರಡೇ ಗಂಟೆ ತೆರೆಯತಕ್ಕದ್ದು, ತಪ್ಪಿದರೆ ಲೈಸೆನ್ಸು ರದ್ದು. ಹುಕುಂ ಸಾರುವುದಕ್ಕೆ ಅಡ್ಡಿ ಮಾಡಿದವರಿಗೂ ಅದೇ ಶಿಕ್ಷೆ.

ಆದರೆ ತಮಟೆ ಬಾರಿಸಿ ಸಾರುವವರೆಗೆ ಯಾವ ಹುಕುಮೂ ಜನರ ಪಾಲಿಗೆ ಬರೀ ಕಾಗದ. ಊರ ಚಾಕರಿಯ ತೋಟಿ ದಾಸಯ್ಯ ಬಾರಿಸಬೇಕು, ನಾನು ಓದಬೇಕು — ಹಾರನಹಳ್ಳಿ, ಬೈಲಕುಪ್ಪೆ ಸೇರಿ ಹದಿನಾಲ್ಕು ಹಳ್ಳಿ. ಗುರುವಾರವೇ ಸಂತೆ.

ದಫೇದಾರ್ ಕಂಠಪ್ಪನವರು ಬಂದರು. ಸಣ್ಣ ಆಳು, ದೊಡ್ಡ ಮೀಸೆ.

“ಹುಕುಮಿನ ವಿಷಯ ಯಾರಿಗೆ ಗೊತ್ತಿತ್ತು?”

“ನಿನ್ನೆ ಸಂಜೆ ಗುರುಶಾಂತಮ್ಮನವರ ಪುರಿ ಭಟ್ಟಿ ಹತ್ತಿರ ಗಟ್ಟಿಯಾಗಿ ಓದಿದ್ದೆ.”

“ಪುರಿ ತಿನ್ನುತ್ತಾ?”

“ಹೂಂ. ಪುರಿ ತಿನ್ನುತ್ತಾ.”

“ಯಾರ‍್ಯಾರಿದ್ದರು?”

ಗುರುಶಾಂತಮ್ಮ ಇದ್ದರು, ಅವರದೇ ಭಟ್ಟಿ. ರಾಗಿ ಮಂಡಿಯ ಪುಟ್ಟಮಲ್ಲಪ್ಪ ಇದ್ದರು. ದಾಸಯ್ಯ ಇದ್ದ. ಮಳೆಗಾಲದಲ್ಲಿ ತಮಟೆಯ ಚರ್ಮ ಸಡಿಲವಾಗುತ್ತದೆ. ಬೆಂಕಿಗೆ ಹಿಡಿಯದೆ ಸದ್ದೇ ಬರುವುದಿಲ್ಲ. ಭಟ್ಟಿಯ ಹಿಂದೆ ಉರಿ ಹಾಕುವ ಕಡೆ ಕೂತು ಅದನ್ನು ಕಾಯಿಸುವುದು ಅವನ ರೂಢಿ. ಅಂದು ಚರ್ಮ ಕಾದ ಮೇಲೂ ಅವನು ಏಳಲಿಲ್ಲ. ಸೋಮಾರಿ ಎಂದು ನಾನು ಗದರಿದ್ದೆ. ಆಮೇಲೆ ಎದ್ದು ತಮಟೆಯನ್ನು ಚಾವಡಿಯ ಗೂಟಕ್ಕೆ ಹಾಕಿ ಮನೆಗೆ ಹೋಗಿದ್ದ.

ಮೊದಲು ಪುಟ್ಟಮಲ್ಲಪ್ಪನವರನ್ನು ಕೇಳಿದೆವು.

“ನಾಳೆ ಸಂತೆಗೆ ನಿಮ್ಮ ಎಂಟು ಗಾಡಿ ರಾಗಿ ಬರಬೇಕಲ್ಲವೇ?”

“ಬರ್ಬೇಕು. ಅದಕ್ಕೆ ನಾನು ತಮಟೆ ಕದ್ನಾ?” ಅವರು ಕೆಂಡವಾದರು. “ತಮಟೆ ಮುಟ್ಟೋ ಜಾತಿಯೇನ್ರೀ ನಂದು?”

ಅದೂ ನಿಜವೇ ಅನ್ನಿಸಿತು. ಅದೇ ತರ್ಕದಲ್ಲಿ ಗುರುಶಾಂತಮ್ಮನವರನ್ನೂ ಬಿಟ್ಟೆ. ಉಳಿದವನು ದಾಸಯ್ಯ. ಹೋಗಿ ನೋಡಿದರೆ ಅವನು ಕಂಬಳಿ ಹೊದ್ದು ನಡುಗುತ್ತಿದ್ದ. ಹೆಂಡತಿ ಮರಮ್ಮ ಬಾಗಿಲಲ್ಲಿ ಅಳುತ್ತಿದ್ದಳು.

“ತಮಟೆ ಕಳ್ದೋಯ್ತು, ಚಾಕರಿಗೆ ಕೊಟ್ಟ ಇನಾಮು ಜಮೀನು ಕಿತ್ಕತಾರೆ ಅಂತ ಒಂದೇ ಸಮ ಕನವರಿಸ್ತಾ ಅವ್ರೆ ಸ್ವಾಮಿ. ಆ ತುಂಡು ನೆಲ ಬುಟ್ರೆ ನಮಗಿನ್ನೇನದೆ?”

ಗುರುವಾರ ಜನರನ್ನು ಹಿಂದಕ್ಕೆ ಕಳಿಸೋಣವೆಂದು ನಾನೂ ಕಂಠಪ್ಪನವರೂ ಸಂತೆಮಾಳಕ್ಕೆ ಹೋದೆವು. ಮಾಳ ಖಾಲಿ. ಪುಟ್ಟಮಲ್ಲಪ್ಪನವರ ಎಂಟು ಗಾಡಿ ಮಾತ್ರ ಕೆಸರಿನಲ್ಲಿ ನಿಂತಿದ್ದವು. ಕೊಳ್ಳುವವರು ಒಬ್ಬರೂ ಇರಲಿಲ್ಲ.

ಯಾರೂ ಸಾರದ ಹುಕುಮನ್ನು ಹದಿನಾಲ್ಕು ಹಳ್ಳಿ ಪಾಲಿಸಿದ್ದವು.

“ಸಂತೆ ನಡೆಯಲಿ ಅಂತ ಕದ್ದದ್ದಲ್ಲ, ಗುಮಾಸ್ತರೇ,” ಎಂದರು ಕಂಠಪ್ಪನವರು. “ಹಾಗಾದರೆ ಕದ್ದದ್ದೇಕೆ?”

ಶುಕ್ರವಾರ ಬೆಳಿಗ್ಗೆ ಚಾವಡಿಯ ಹಿಂದಿನ ಬೇಲಿಯಲ್ಲಿ ತಮಟೆ ಸಿಕ್ಕಿತು. ಮೂರು ದಿನದಿಂದ ಜಿನುಗುಮಳೆ ಬಿಟ್ಟಿರಲಿಲ್ಲ. ಕಂಠಪ್ಪನವರು ಅದರ ಮೇಲಿನ ನೀರು ಒರೆಸಿ ಬೆರಳಿನಿಂದ ಹೊಡೆದರು. ಠಣ್ ಎಂದಿತು.

“ನಡೀರಿ, ಭಟ್ಟಿಗೆ ಹೋಗೋಣ.”

ಭಟ್ಟಿಯ ಬಾಗಿಲು ಮುಚ್ಚಿತ್ತು. ಅರವತ್ತು ದಾಟಿದ ಗುರುಶಾಂತಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಅವ್ವಾ, ಎರಡು ದಿನ ಮಳೆಯಲ್ಲಿ ಬಿದ್ದ ಚರ್ಮ ಒದ್ದೆ ಗೋಣಿಯ ಹಾಗೆ ಸದ್ದು ಮಾಡಬೇಕು. ಇದು ಠಣ್ ಅನ್ನುತ್ತೆ,” ಎಂದರು ಕಂಠಪ್ಪನವರು. “ಅಂದರೆ ಇಷ್ಟು ದಿನ ಬೆಚ್ಚಗಿತ್ತು; ಬೇಲಿಗೆ ಬಂದದ್ದು ಈಗ ತಾನೇ. ಉರಿ ಆರಿಸಿದ ಮೇಲೂ ದಿನಗಟ್ಟಲೆ ಬಿಸಿ ಹಿಡಿಯೋ ಜಾಗ ಈ ಊರಲ್ಲಿ ಒಂದೇ, ನಿಮ್ಮ ಭಟ್ಟಿ. ತಮಟೆಯನ್ನು ನೀವು ಮುಟ್ಟುತ್ತೀರಾ ಅಂತ ನಾವಿಬ್ಬರೂ ನಿಮ್ಮನ್ನು ಬಿಟ್ಟುಬಿಟ್ಟಿದ್ದೆವು. ಕದ್ದವರು ನೀವು.”

“ಊಂ ಕಣಪ್ಪ, ನಾನೇ.” ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಮುಟ್ದೆ. ಆಮೇಲೆ ಸ್ನಾನಾನೂ ಮಾಡ್ದೆ, ಸುಳ್ಯಾಕೆ ಏಳ್ಲಿ.”

“ಭಟ್ಟಿ ಮುಚ್ಚಬಾರದು ಅಂತಲೇ?” ಎಂದೆ ನಾನು.

“ಭಟ್ಟಿ ಮಂಗಳವಾರವೇ ಆರಿದೆ ಗುಮಾಸ್ತರೇ, ಹೊಗೆ ಕಂಡಿರಾ?” ಎಂದರು ಕಂಠಪ್ಪನವರು. “ಚರ್ಮ ಕಾದ ಮೇಲೂ ದಾಸಯ್ಯ ಬೆಂಕಿ ಬಿಟ್ಟು ಏಳಲಿಲ್ಲ ಅಂದಿರಲ್ಲ? ನಿಮಗೆ ಸೋಮಾರಿತನ ಕಂಡಿತು. ಇವರಿಗೆ ಜ್ವರ ಕಂಡಿತು.”

“ಚಳೀಗೆ ಅವ್ನ ಅಲ್ಲು ಕಟಕಟ ಅಂತಿದ್ದೋ,” ಎಂದರು ಗುರುಶಾಂತಮ್ಮ. “ಓಗ್ಬ್ಯಾಡ ಕಣಯ್ಯ ಅಂದೆ. ಓಗ್ದಿದ್ರೆ ಇನಾಮು ಕಿತ್ಕತಾರೆ ಅಂದ. ನಿಮಗೇಳಿದ್ರೆ ಚಾಕರಿಗೆ ಬರ್ನಿಲ್ಲ ಅಂತ ಬರ್ಕತಿದ್ರಿ. ತಮಟೇನೇ ಇಲ್ದಿದ್ರೆ? ಜ್ವರ ಒತ್ಕಂಡು ಅದ್ನಾಲ್ಕಳ್ಳಿ ಸುತ್ತಿದ್ರೆ ಅವ್ನೂ ಉಳೀತಿರ್ನಿಲ್ಲ, ಆ ಅಳ್ಳಿಗಳೂ ಉಳೀತಿರ್ನಿಲ್ಲ. ಪುರಿ ಮೂಟೆ ಒಯ್ಯಕ್ಕೆ ಬುಧವಾರ ಬಂದ ವ್ಯಾಪಾರದೋರಿಗೆಲ್ಲಾ ನೀವು ಓದಿದ್ದ ಅಂಗೇ ಏಳಿ, ಊರೂರಲ್ಲಿ ಏಳ್ರಪ್ಪ ಅಂತ ಕಳಿಸ್ದೆ. ಮರಮ್ಮನ ಅಳು ಕೇಳಕ್ಕಾಗ್ದೆ ಇವತ್ತು ತಂದಿಟ್ಟೆ.”

ಆ ಹದಿನಾಲ್ಕು ಹಳ್ಳಿಯನ್ನು ದಾಸಯ್ಯನ ಹೆಗಲಿಗೆ ಹೆಗಲು ಕೊಟ್ಟು ಸುತ್ತಬೇಕಿದ್ದವನು ನಾನು. ಮನೆಯಲ್ಲಿ ಮೂರು ಮಕ್ಕಳಿದ್ದವು. ಜಗಲಿಯ ಕೆಳಗೆ ನಿಂತು ಆ ಹೆಂಗಸಿಗೆ ಕೈಮುಗಿದೆ. ಇವತ್ತಿಗೂ ಆ ಭಟ್ಟಿಯ ಮುಂದೆ ಹಾದರೆ ಕೈ ತಾನಾಗಿ ಮೇಲೇಳುತ್ತದೆ.

“ಸಾರುವುದಕ್ಕೆ ಅಡ್ಡಿ ಮಾಡಿದವರ ಲೈಸೆನ್ಸು ರದ್ದು,” ಎಂದೆ ಅಳುಕುತ್ತ. “ಏನು ಬರೆಯಲಿ?”

ಕಂಠಪ್ಪನವರು ಮೀಸೆ ತಿರುವಿದರು. “ಊರೂರಿಗೆ ಸಾರಿದವರೇ ಇವರು. ಸಾರಿದವರು ಸಾರುವುದಕ್ಕೆ ಅಡ್ಡಿ ಮಾಡಿದರು ಅಂತ ಬರೆದರೆ ಮೇಲಿನವರು ನಿಮ್ಮ ತಲೆ ಸರಿಯಿಲ್ಲ ಅಂತಾರೆ.”

ನಾನು ಬರೆದದ್ದು ಇಷ್ಟು: ತಮಟೆ ಸಿಕ್ಕಿದೆ. ಹುಕುಂ ಜಾರಿಯಾಗಿದೆ. ತೋಟಿ ದಾಸಯ್ಯ ಜ್ವರದಿಂದ ಮಲಗಿದ್ದಾನೆ, ಅವನ ಕಡೆಯಿಂದ ತಪ್ಪಿಲ್ಲ.

ಡಿಸೆಂಬರಿನಲ್ಲಿ ಸಂತೆ ಕೂಡಬಹುದೆಂಬ ಹುಕುಂ ಬಂತು. ಭಟ್ಟಿ ಮತ್ತೆ ಹೊತ್ತಿತು. ದಾಸಯ್ಯ ಒಣಗಿ ಕಡ್ಡಿಯಾಗಿದ್ದ, ಆದರೆ ತನ್ನ ಕಾಲ ಮೇಲೆ ನಡೆದು ಬಂದ. ಎಂದಿನಂತೆ ತಮಟೆ ಹಿಡಿದು ಭಟ್ಟಿಯ ಹಿಂದೆ, ದೂರದಲ್ಲೇ ನಿಂತ.

“ಅವ್ವಾರೇ, ನನ್ನ ಉಸ್ರೂ ನಿಮ್ದು, ನನ್ನ ನೆಲಾನೂ ನಿಮ್ದು,” ಎಂದ.

“ಅದಿರ್ಲಿ, ಕೊಡಿಲ್ಲಿ,” ಎಂದು ಗುರುಶಾಂತಮ್ಮ ಎರಡೂ ಕೈ ಚಾಚಿದರು.

ದಾಸಯ್ಯ ನನ್ನ ಮುಖ ನೋಡಿದ. ಆಮೇಲೆ ಕೊಟ್ಟ. ಅವರು ತಮಟೆಯನ್ನು ಉರಿಯ ಮುಂದೆ ಹಿಡಿದು ತಿರುಗಿಸಿ, ಬೆರಳಿನಿಂದ ತಟ್ಟಿ ನೋಡಿದರು.

“ಇನ್ನೂ ವಸಿ ಕಾಯ್ಬೇಕು.”

ಹತ್ತಿರದ ಹಳ್ಳಿ ಸುತ್ತಿ ಬಂದ ಮೇಲೆ ಅಂದು ದೀಪ ಹಚ್ಚುವವರೆಗೂ ನಾನು ಅಲ್ಲೇ ಪುರಿ ತಿನ್ನುತ್ತ ಕೂತಿದ್ದೆ. ಗಿರಾಕಿಗಳು ಬಂದರು, ಹೋದರು. ಗುರುಶಾಂತಮ್ಮ ಬೆಳಿಗ್ಗೆ ಉಟ್ಟ ಸೀರೆಯಲ್ಲೇ ಎಲ್ಲರಿಗೂ ಪುರಿ ಅಳೆದುಕೊಟ್ಟರು, ಸ್ನಾನಕ್ಕೆ ಏಳಲಿಲ್ಲ.