ನೊರೆಗೂಡಿನ ಅಪ್ಪ

ಕೆರೆಯ ಮೀನನ್ನು ಕೊಂದವನು ಮಾಟಗಾರನಲ್ಲ, ರಾಜ. ಮಾಟಗಾರ ಹೇಳಿದ, ರಾಜ ಆಜ್ಞೆ ಮಾಡಿದ, ಊರು ಸುಮ್ಮನಿತ್ತು.

ಮೀನುಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ ಕನ್ನೈದಿಲೆ ಎಂಬ ರಾಜ್ಯವಿತ್ತು. ಅಲ್ಲಿನ ಕೆರೆಯಲ್ಲಿ ತಾವರೆ ಎಲೆಗಳ ಮಗ್ಗುಲಿಗೆ ಬಿಳಿ ನೊರೆ ತೇಲುತ್ತಿತ್ತು. ಧೂಮಕನೆಂಬ ಮಾಟಗಾರ ಬಂದು, ಇದು ಕೊಳಕು, ಇದರಿಂದಲೇ ನಿಮ್ಮ ಮುಖ ನೀರಲ್ಲಿ ಚೆನ್ನಾಗಿ ಕಾಣುತ್ತಿಲ್ಲ ಎಂದು ರಾಜನ ಕಿವಿಯೂದಿದ. ದಿನವೂ ಬೆಳಿಗ್ಗೆ ಒದ್ದೆ ಪಂಚೆ ಎಳೆದು ನೊರೆ ತೆಗೆಯಲು ಬೀರನೆಂಬ ಯುವಕನನ್ನು ನೇಮಿಸಿದರು.

ಅದು ಕೊಳಕಲ್ಲ, ಗೂಡು. ಕಿರುಬೆರಳಷ್ಟು ಉದ್ದದ ಗಂಡುಮೀನು ಮೇಲೆ ಬಂದು ಗಾಳಿ ನುಂಗಿ, ಎಂಜಲಿನಿಂದ ಗುಳ್ಳೆ ಊದಿ, ಮೊಟ್ಟೆಗಳಿಗೆಂದು ಕಟ್ಟಿದ ಗೂಡು. ಗೂಡು ಹೋಯಿತು, ಮೀನು ಹೋಯಿತು. ಮೀನು ತಿನ್ನುತ್ತಿದ್ದ ಸೊಳ್ಳೆಮರಿ ಕೆರೆ ತುಂಬಿತು. ಮಕ್ಕಳು ಜ್ವರದಲ್ಲಿ ಬಿದ್ದರು. ಅವರ ಬಿಸಿಯುಸಿರು ಕುಡಿದು ಮುದಿ ಧೂಮಕ ಹರೆಯದವನಾದ.

ಬೀರನ ತಾಯಿಯಿಲ್ಲದ ಮಗಳು ಚಿನ್ನಿಯೂ ಮಲಗಿದಳು. ಆ ಬೆಳಿಗ್ಗೆ ಅವನು ಪಂಚೆ ಎಳೆಯುವಾಗ ಕೊನೆಯ ಗೂಡಿನ ಕೆಳಗಿಂದ ಮೀನು ಮಾತಾಡಿತು.

"ಅಣ್ಣಾ, ಪಂಚೆ ಎತ್ತು. ನನ್ನ ಮಕ್ಕಳಿವೆ ಇಲ್ಲಿ."

"ನನಗೂ ಒಂದಿದೆ. ಮೈ ಸುಡುತ್ತಿದೆ."

"ನನ್ನವು ಈಜುವ ತನಕ ನೀನು ಅವನ್ನು ಕಾಯಿ. ಆಮೇಲೆ ನಿನ್ನದನ್ನು ಅವು ಕಾಯುತ್ತವೆ."

ಬೀರ ಪಂಚೆ ಎತ್ತಿದ. ಇದು ಧೂಮಕನಿಗೆ ಗೊತ್ತಾಯಿತು. ಬಿರುಗಾಳಿ ಕಳಿಸಿದ. ಬೀರ ಅದೇ ಪಂಚೆಯನ್ನು ಗಾಳಿಗೆ ಅಡ್ಡ ಹಿಡಿದು ನಿಂತ. ಒಡೆದ ಗುಳ್ಳೆಗಳ ಜಾಗದಲ್ಲಿ ಮೀನು ಹೊಸದು ಊದಿತು.

"ಇನ್ನೂ ಎಷ್ಟು ಹೊತ್ತು?" ಎಂದ ಬೀರ.

"ಇನ್ನು ಸ್ವಲ್ಪ."

ಧೂಮಕ ಹೊಗೆಯ ಕೊಕ್ಕರೆ ಕಳಿಸಿದ. ಬೀರ ಗೂಡಿನ ಮೇಲೆ ತೋಳು ಚಾಚಿದ. ಕೊಕ್ಕರೆ ಕುಕ್ಕಿ ಕುಕ್ಕಿ ದಣಿದು ಕರಗಿತು.

"ಇನ್ನೂ ಎಷ್ಟು ಹೊತ್ತು?"

"ಇನ್ನು ಸ್ವಲ್ಪ, ಅಣ್ಣಾ."

ಮೂರನೆಯ ಸಲ ಧೂಮಕ ರಾಜನನ್ನೇ ಕಳಿಸಿದ. ಗಾಳಿಗೂ ಕೊಕ್ಕರೆಗೂ ಹೆದರದ ಬೀರ ಈಗ ಕೈಮುಗಿದ. ಆದರೂ ದಾರಿ ಬಿಡಲಿಲ್ಲ. ತೆಗೆಯುವುದಾದರೆ ನೀವೇ ತೆಗೆಯಿರಿ, ಮೊದಲು ಬಗ್ಗಿ ನೋಡಿ ಎಂದ. ಕಿರೀಟ ನೀರಿಗೆ ಬೀಳುತ್ತದೆಂದು ರಾಜ ಗೊಣಗಿದ. ಬಿಚ್ಚಿಡಿ ಎಂದ ಬೀರ. ರಾಜ ಬಿಚ್ಚಿಟ್ಟು, ದಡದ ಮೇಲೆ ಬೋರಲು ಮಲಗಿದ.

ಒಂದು ಮೊಟ್ಟೆ ಜಾರಿ ಕೆಳಗಿಳಿಯಿತು. ಮೀನು ಹಿಂದೆ ಹೋಗಿ, ಬಾಯಲ್ಲಿ ಮೆಲ್ಲಗೆ ಹಿಡಿದು ತಂದು ಗುಳ್ಳೆಗಳ ನಡುವೆ ಇಟ್ಟಿತು. ಇನ್ನೊಂದು ಜಾರಿತು. ಮತ್ತೆ ಹೋಯಿತು.

"ತಾಯಿಯೇನೋ?" ರಾಜನ ದನಿ ಇಳಿದಿತ್ತು.

"ಅಪ್ಪ, ದೊರೆ. ಮೊಟ್ಟೆಯಿಟ್ಟ ಮೇಲೆ ತಾಯಿಯನ್ನೂ ಹತ್ತಿರ ಬಿಡುವುದಿಲ್ಲ. ಊಟ ಬಿಟ್ಟು ಕಾಯುತ್ತಾನೆ."

ರಾಜ ಬಹಳ ಹೊತ್ತು ಏಳಲಿಲ್ಲ. ಎದ್ದವನು ಆಜ್ಞೆ ಹಿಂತೆಗೆದ.

ಮರಿಗಳು ಈಜಿದವು. ಮಾಯೆಯ ಕೆರೆಯಲ್ಲವೇ, ಸಂಜೆಯೊಳಗೆ ಬೆಳೆದು ಸೊಳ್ಳೆಮರಿಗಳನ್ನೆಲ್ಲ ತಿಂದವು. ಜ್ವರ ಇಳಿಯಿತು. ಕುಡಿಯಲು ಬಿಸಿಯುಸಿರಿಲ್ಲದೆ ಧೂಮಕ ಸುಕ್ಕಾಗಿ, ಸಣ್ಣಗಾಗಿ, ಸೊಳ್ಳೆಯಾಗಿ ನೀರಿಗೆ ಬಿದ್ದ. ಹಸಿದಿದ್ದ ಅಪ್ಪಮೀನು ಅವನನ್ನು ನುಂಗಿತು. ಚಿನ್ನಿ ಕಣ್ಣು ಬಿಟ್ಟು ಗಂಜಿ ಕೇಳಿದಳು. ಕನ್ನೈದಿಲೆಯ ಮನೆಮನೆಯಲ್ಲೂ ಮಕ್ಕಳು ಎದ್ದು ಆಡಿದರು, ಎಲ್ಲರೂ ಸುಖವಾಗಿದ್ದರು.

ನಿಮ್ಮೂರಿಗೂ ಬರುತ್ತಾರೆ, ಕೆರೆ ಚೆಂದ ಮಾಡುತ್ತೇವೆಂದು ದಡಕ್ಕೆ ಸಿಮೆಂಟು ಬಳಿದು ಹುಲ್ಲು ಕೀಳುವವರು. ಸುಮ್ಮನಿರಬೇಡಿ. ಹೋಗಿ, ಅಡ್ಡ ನಿಲ್ಲಿ.